ಬ್ರಹ್ಮಗಿರಿಯಿಂದ ಚಿತ್ರದುರ್ಗಕ್ಕೆ: ಇಲ್ಲದವರ ವಕೀಲರ ಕಚೇರಿ ನಡೆಸೋದು ಅಂದ್ರೆ ಏನು?



ಸಿನಿಮಾದಲ್ಲಿ ಪೊಲೀಸರು ಹಿಡಿದ ತಕ್ಷಣ ದೊಡ್ಡ ಮನುಷ್ಯ ಏನಂತಾನೆ? ‘ನಮ್ಮ ಲಾಯರ್ ಬರ್ಲಿ, ಆಮೇಲೆ ಮಾತಾಡ್ತೀನಿ.’ ಸರಿ. ಇದೇ ಮಾತನ್ನ ಮೊಳಕಾಲ್ಮುರು ತಾಲ್ಲೂಕಿನ ಒಬ್ಬ ಕುರಿಗಾಹಿ ಹೇಳಿದ್ರೆ ಯಾರು ಬರ್ತಾರೆ? ಬರಬೇಕಾದವರು ಒಬ್ಬರಿದ್ದಾರೆ. ಅವರ ಹುದ್ದೆಗೆ ‘ಮುಖ್ಯ ಕಾನೂನು ನೆರವು ಅಭಿರಕ್ಷಕರು’ ಅಂತ ಹೆಸರು. ಹೆಸರು ಉದ್ದ, ಅರ್ಥ ಸಣ್ಣದು: ವಕೀಲರನ್ನ ಇಟ್ಟುಕೊಳ್ಳೋಕಾಗದ ಆರೋಪಿಗಳ ಪರವಾಗಿ ವಾದಿಸೋ ಕಚೇರಿಯ ಮುಖ್ಯಸ್ಥರು. ಸರ್ಕಾರದ ಪರ ವಾದಿಸೋಕೆ ಪಬ್ಲಿಕ್ ಪ್ರಾಸಿಕ್ಯೂಟರ್ ಇರ್ತಾರಲ್ಲ, ಇವರು ಎದುರು ಮೇಜಿನವರು.

ಇದು ಹೊಸ ವ್ಯವಸ್ಥೆ. ಉಚಿತ ಕಾನೂನು ನೆರವು ಅನ್ನೋದು 1976ರ ತಿದ್ದುಪಡಿಯಲ್ಲಿ 39ಎ ವಿಧಿಯಾಗಿ ಸಂವಿಧಾನಕ್ಕೆ ಬಂತು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆಯ್ತು, ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಆಗಿನಿಂದ ನಡೆದದ್ದು ಪ್ಯಾನೆಲ್ ವಕೀಲರ ಪದ್ಧತಿ. ಒಬ್ಬ ವಕೀಲರು ತಮ್ಮ ಖಾಸಗಿ ಕೇಸುಗಳ ಜೊತೆಗೇ ಒಂದೊಂದು ನೆರವಿನ ಕೇಸು ನೋಡ್ಕೊಳ್ತಿದ್ರು. ಸಿಗೋ ಶುಲ್ಕ ಕಮ್ಮಿ. ಒಳ್ಳೆಯವರು ಕೈ ಹಿಡೀತಿದ್ರು, ಆದರೆ ಅದೃಷ್ಟ ಚೆನ್ನಾಗಿರಬೇಕಿತ್ತು.

2022ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹೊಸ ಯೋಜನೆ ತಂತು. ಜಿಲ್ಲಾ ಕೇಂದ್ರದಲ್ಲಿ ಒಂದು ಕಚೇರಿ. ಅಲ್ಲಿ ಒಬ್ಬರು ಮುಖ್ಯಸ್ಥರು, ಅವರ ಕೆಳಗೆ ಉಪ ಅಭಿರಕ್ಷಕರು, ಸಹಾಯಕ ಅಭಿರಕ್ಷಕರು. ಪೂರ್ಣಾವಧಿ ಕೆಲಸ, ಖಾಸಗಿ ಕೇಸು ಹಿಡಿಯೋ ಹಾಗಿಲ್ಲ. ಮುಖ್ಯಸ್ಥರಾಗೋಕೆ ಕ್ರಿಮಿನಲ್ ಕೇಸುಗಳಲ್ಲಿ ಕನಿಷ್ಠ 10 ವರ್ಷ ಪಳಗಿರಬೇಕು.

ಹಾಗಾದ್ರೆ ಈ ಕುರ್ಚಿಯಲ್ಲಿ ಕೂತವರ ಮುಖ್ಯ ಕೆಲಸ ಏನು? ಜೋರಾಗಿ ವಾದ ಮಾಡೋದು ಅಂತ ನಾವು ಅಂದ್ಕೊಳ್ತೀವಿ. ನನಗೆ ಕಾಣೋ ಪ್ರಕಾರ ಅದಕ್ಕಿಂತ ದೊಡ್ಡದು ಇನ್ನೊಂದಿದೆ: ವಕೀಲರನ್ನ ಮೊದಲ ದಿನವೇ ತಲುಪಿಸೋದು. ವಕೀಲರು ಫ್ರೀ ಅನ್ನೋದಷ್ಟೇ ಸಾಲದು, ಟೈಮಿಗೆ ಬರಬೇಕು.

ಒಂದು ಉದಾಹರಣೆ ಕಟ್ಟಿ ನೋಡೋಣ. ಯಾರದೋ ನಿಜವಾದ ಕಥೆಯಲ್ಲ. ಬ್ರಹ್ಮಗಿರಿ ಹತ್ತಿರದ ಒಂದು ಹಟ್ಟಿಯ ಹುಡುಗನ ಮೇಲೆ ಕಳ್ಳತನದ ಕೇಸು. ಜಾಮೀನು ಸಿಕ್ಕಿದೆ. ಚಳ್ಳಕೆರೆ–ಮೊಳಕಾಲ್ಮುರು ಸೀಮೆ ಅಂದ್ರೆ ರಾಜ್ಯದಲ್ಲೇ ಮಳೆ ಕಮ್ಮಿ ಇರೋ ಜಾಗ, ನಿಮಗೆ ಗೊತ್ತೇ ಇದೆ. ಮೇವು ಮುಗೀತು, ಕುರಿ ಹೊಡ್ಕೊಂಡು ಹೊರಟ. ಕೋರ್ಟಿನ ವಾಯಿದೆ ತಪ್ಪಿತು. ವಾರಂಟ್ ಆಯ್ತು. ತಿರುಗಿ ಊರಿಗೆ ಬಂದಾಗ ಪೊಲೀಸರು ಹಿಡಿದ್ರು. ಈಗ ಅವನನ್ನ ಮತ್ತೆ ಬಿಡಬೇಕಾದ್ರೆ ಜಾಮೀನುದಾರ ಬೇಕು, ಆ ಜಾಮೀನುದಾರನ ಹತ್ರ ಪಹಣಿ ಇರಬೇಕು. ಹೊಲ ಇರೋರು ಯಾರು ಕುರಿ ಹುಡುಗನಿಗೆ ಸಹಿ ಹಾಕ್ತಾರೆ? ಹುಡುಗ ಚಿತ್ರದುರ್ಗದ ಜೈಲಿನಲ್ಲಿ. ಮನೆಯವರು ಸುಮಾರು 80 ಕಿಲೋಮೀಟರ್ ದೂರದಲ್ಲಿ. ಒಂದು ಸಲ ನೋಡ್ಕೊಂಡು ಬರೋಕೆ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಬೇರೆ.

ಇಲ್ಲಿ ದೊಡ್ಡ ವಾದವೇನೂ ಬೇಕಿಲ್ಲ. ‘ಸ್ವಾಮಿ, ಇವನು ಓಡಿಹೋಗಿರಲಿಲ್ಲ, ಕುರಿ ಮೇಯಿಸೋಕೆ ಹೋಗಿದ್ದ’ ಅಂತ ಸರಿಯಾದ ದಿನ, ಸರಿಯಾದ ಅರ್ಜಿ ಹಿಡ್ಕೊಂಡು ಹೇಳೋ ಒಬ್ಬರು ಬೇಕು. ಆ ಒಬ್ಬರು ಮೂರು ದಿನಕ್ಕೆ ಬಂದ್ರೆ ಒಂದು ಬದುಕು, ಮೂರು ತಿಂಗಳಿಗೆ ಬಂದ್ರೆ ಇನ್ನೊಂದು.

ಇದು ಒಬ್ಬ ಹುಡುಗನ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ರು. ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಅಂದ್ರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ತಪ್ಪು ಮಾಡಿದ್ದಾರೆ ಅಂತ ಇನ್ನೂ ತೀರ್ಪೇ ಆಗಿಲ್ಲ.

ಕಾನೂನಿನಲ್ಲಿ ದಾರಿ ಇಲ್ವಾ? ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ನೋಡಿ. ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗಿರದ ವಿಚಾರಣಾಧೀನ ಕೈದಿ, ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಲ್ಲೇ ಕಳೆದಿದ್ರೆ ಅವನನ್ನ ಬಿಡಬೇಕು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ, ಅಂದ್ರೆ 1 ವರ್ಷಕ್ಕೆ ಲೆಕ್ಕ ಮುಗೀತು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರೋರಿಗೂ ಇಲ್ಲ. ಇನ್ನೊಂದು: ಜಾಮೀನು ಸಿಕ್ಕಿಯೂ ಒಂದು ತಿಂಗಳೊಳಗೆ ಬಾಂಡ್ ಕೊಡೋಕಾಗದಿದ್ರೆ, ಷರತ್ತು ಸಡಿಲಿಸಬಹುದಾ ಅಂತ ಕೋರ್ಟೇ ಮುಂದಾಗಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ.

ಆದರೆ ದಿನ ಎಣಿಸೋರು ಯಾರು? ಯಾವ ಕೈದಿಗೆ ಯಾವ ತಾರೀಖಿಗೆ ಮೂರನೇ ಒಂದು ಭಾಗ ಮುಗಿಯುತ್ತೆ, ಯಾರಿಗೆ ಜಾಮೀನು ಆಗಿಯೂ ಸಹಿ ಹಾಕೋರು ಸಿಕ್ಕಿಲ್ಲ? ನಾನು ಓದಿದ್ದು ಬಿ.ಕಾಂ. ನನಗೆ ಇದು ಲೆಡ್ಜರ್ ಥರ ಕಾಣುತ್ತೆ. ಜೈಲು ಅಧೀಕ್ಷಕರು ಕೋರ್ಟಿಗೆ ಅರ್ಜಿ ಕೊಡಬೇಕು ಅಂತ ಕಾನೂನು ಹೇಳುತ್ತೆ, ನಿಜ. ಆದರೂ ಇಂಥದ್ದೊಂದು ಪುಸ್ತಕವನ್ನ ದಿನಾ ಬೆಳಗ್ಗೆ ತೆಗೆದು ನೋಡಬೇಕಾದವರು ಈ ಕಚೇರಿಯ ಮುಖ್ಯಸ್ಥರು. ಎಷ್ಟು ಕೇಸು ಮುಗಿಸಿದ್ವಿ ಅನ್ನೋ ಕಾಲಂ ಒಂದೇ ಇದ್ರೆ ಸಾಲದು. ಬಂಧನ ಆದ ಎಷ್ಟನೇ ದಿನಕ್ಕೆ ನಮ್ಮವರು ಆರೋಪಿಯ ಮುಖ ನೋಡಿದ್ರು ಅನ್ನೋ ಕಾಲಂ ಅದಕ್ಕಿಂತ ಮುಖ್ಯ.

ಅವಸರ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಮಧ್ಯಪ್ರದೇಶದ ಖಂಡ್ವಾದ ಒಂದು ಪ್ರಕರಣ ಇದೆ. 2013ರಲ್ಲಿ ಒಬ್ಬ ಬಡ ಯುವಕನಿಗೆ ಕಾನೂನು ನೆರವಿನ ವಕೀಲರು ಸಿಕ್ಕರು, ಆದರೆ ಸಿಕ್ಕಿದ್ದು ಆರೋಪ ಹೊರಿಸಿದ ದಿನವೇ. ಎರಡೇ ವಾರದಲ್ಲಿ ವಿಚಾರಣೆ ಮುಗಿದು ಮರಣದಂಡನೆ ಆಯ್ತು. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿ ಮರುವಿಚಾರಣೆಗೆ ಕಳಿಸ್ತು. ಇಂಥ ಕೇಸುಗಳಲ್ಲಿ ವಕೀಲರಿಗೆ ತಯಾರಾಗೋಕೆ ಕನಿಷ್ಠ 7 ದಿನ ಕೊಡಿ ಅಂತಲೂ ಹೇಳ್ತು. 2024ರಲ್ಲಿ ಆ ಯುವಕ ಖುಲಾಸೆ ಆದ. ಮಧ್ಯೆ ಹೋಗಿದ್ದು 11 ವರ್ಷ. ಕಾಗದದ ಮೇಲೆ ಅವನಿಗೂ ವಕೀಲರು ಇದ್ರು!

ಇನ್ನೊಂದು ಕಷ್ಟದ ವಿಷಯ. ಈ ಮುಖ್ಯಸ್ಥರ ಕೆಲಸ ಎರಡು ವರ್ಷದ ಗುತ್ತಿಗೆ. ಕೆಲಸ ಚೆನ್ನಾಗಿದ್ರೆ ಮುಂದುವರಿಕೆ. ಆಯ್ಕೆ ಸಮಿತಿಗೆ ಪ್ರಧಾನ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಅವರೇ. ಅಂದ್ರೆ ಇವರ ಕೆಲಸ ನೋಡೋರು ಮತ್ತು ಇವರ ವಾದ ಕೇಳೋರು ಒಬ್ಬರೇ ಆಗಬಹುದು. ಯಾರ ಮೇಲೂ ಅನುಮಾನ ಪಟ್ಟು ಹೇಳ್ತಿಲ್ಲ. ಆದರೂ ‘ಈ ಆದೇಶ ಸರಿ ಇಲ್ಲ’ ಅಂತ ನಿಂತು ಹೇಳೋಕೆ ಬೆನ್ನು ಗಟ್ಟಿ ಇರಬೇಕು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇಂಥ ಕಚೇರಿ 1914ರಲ್ಲೇ ಶುರುವಾಯ್ತು, ಅದು ಕೌಂಟಿ ಆಡಳಿತದ ಇಲಾಖೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಂತೂ ಇದರ ಮುಖ್ಯಸ್ಥರನ್ನ ಜನರೇ ಓಟು ಹಾಕಿ ಆರಿಸ್ತಾರೆ. ಅದೇ ಸರಿ, ನಮ್ಮದು ತಪ್ಪು ಅಂತಲ್ಲ. ಆರೋಪಿಯ ವಕೀಲ ಯಾರಿಗೆ ಉತ್ತರ ಕೊಡಬೇಕು ಅನ್ನೋ ಪ್ರಶ್ನೆಯನ್ನ ನಾವೂ ಕೇಳ್ಕೋಬೇಕು.

ಕೇಳೋ ಹಕ್ಕು ನಮ್ಮ ಸೀಮೆಯವರಿಗೆ ಸ್ವಲ್ಪ ಜಾಸ್ತಿನೇ ಇದೆ. ಬ್ರಹ್ಮಗಿರಿಯ ಅಕ್ಷರಗುಂಡು ಅಶೋಕನ ಶಾಸನ ಅಂತ ಶಾಲೆಯಲ್ಲಿ ಓದಿದ್ದೀವಿ. ಬಿ. ಎಲ್. ರೈಸ್ 1892ರಲ್ಲಿ ಅದನ್ನ ಹೊರಜಗತ್ತಿಗೆ ತೋರಿಸಿದ್ರು. ಅದು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದ್ರೆ ನಮ್ಮ ಕಡೆಯ ಅಧಿಕಾರಿಗಳಿಗೆ, ಬಂದ ಸಂದೇಶ. ಅದೇ ಅಶೋಕ ಕಳಿಂಗದ ಧೌಲಿಯಲ್ಲಿ ಬರೆಸಿದ ಇನ್ನೊಂದು ಶಾಸನದಲ್ಲಿ, ಕಾರಣವಿಲ್ಲದೆ ಜನ ಸೆರೆ ಅನುಭವಿಸ್ತಿದ್ದಾರೆ ಅಂತ ನ್ಯಾಯ ನೋಡೋ ಅಧಿಕಾರಿಗಳನ್ನ ಎಚ್ಚರಿಸ್ತಾನೆ. ಕಾರಣಗಳನ್ನೂ ಪಟ್ಟಿ ಮಾಡ್ತಾನೆ: ಹೊಟ್ಟೆಕಿಚ್ಚು, ಕೋಪ, ಆತುರ, ಸೋಮಾರಿತನ, ಆಯಾಸ. ಎರಡು ಸಾವಿರ ವರ್ಷ ದಾಟಿದೆ, ಪಟ್ಟಿ ಏನೂ ಬದಲಾಗಿಲ್ಲ.

ಹಾಗಾದ್ರೆ ನಾವೇನು ಮಾಡೋದು? ಫೋನು ಕೈಯಲ್ಲೇ ಇದೆ. 15100 ಸೇವ್ ಮಾಡ್ಕೊಳ್ಳಿ, ಅದು ಕಾನೂನು ನೆರವಿನ ಸಹಾಯವಾಣಿ. ಬಂಧನದಲ್ಲಿರೋ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗ್ತಾರೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೂ ಆದಾಯದ ಮಿತಿ ಇಲ್ಲ. ಚಿತ್ರದುರ್ಗಕ್ಕೆ ಹೋಗೋಕಾಗದಿದ್ರೆ ತಾಲ್ಲೂಕು ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ನಿಮ್ಮೂರಲ್ಲಿ ಯಾರನ್ನಾದ್ರೂ ಠಾಣೆಗೆ ಕರ್ಕೊಂಡು ಹೋದ್ರು ಅಂತ ಗೊತ್ತಾದ್ರೆ, ಅವರು ಒಳ್ಳೆಯವರಾ ಕೆಟ್ಟವರಾ ಅನ್ನೋ ಚರ್ಚೆ ವಾಟ್ಸಾಪ್ ಗ್ರೂಪಲ್ಲಿ ಆಮೇಲೆ ಮಾಡಿ. ಇಪ್ಪತ್ನಾಲ್ಕು ಗಂಟೆಯೊಳಗೆ ಅವರು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಬೇಕು. ಆ ಹೊತ್ತಿಗೆ ಪಕ್ಕದಲ್ಲಿ ಒಬ್ಬ ವಕೀಲರು ಇರೋ ಹಾಗೆ ಒಂದು ಫೋನ್ ಮಾಡಿ.