ಗಣಕಯಂತ್ರ ಕೆಟ್ಟಾಗ ಕಲಿತ ಪಾಠಗಳು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಆಮೇಲೆ ನೇಗಿಲು, ಹಸು, ಬೋರ್‌ವೆಲ್ ಇಷ್ಟೇ ನಮ್ಮ ಕಾಲೇಜು. ಆದರೂ ಅಧ್ಯಕ್ಷರು, 'ಹಸು ವಿಚಾರ ಎಲ್ಲರೂ ಮಾತಾಡ್ತಾರೆ, ಕಂಪ್ಯೂಟರ್ ವಿಚಾರ ನೀವು ಮಾತಾಡಿ, ಅದರ ಪೆಟ್ಟು ತಿಂದವರು ನೀವೇ' ಅಂತ ಹಟ ಹಿಡಿದರು. ಪೆಟ್ಟು ತಿಂದವನ ಮಾತು ಅಂತಲೇ ತಾವು ಕೇಳಬೇಕು. ಇಂಜಿನಿಯರ ಮಾತು ಅಂತ ಕೇಳಬೇಡಿ.

ನಮ್ಮ ಆನೇಕಲ್ ತಾಲ್ಲೂಕಿಗೂ ಕಂಪ್ಯೂಟರಿಗೂ ನಂಟು ಇವತ್ತಿನದಲ್ಲ. 1970ರ ದಶಕದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆಯ ರಾಗಿ ಹೊಲಗಳನ್ನು ನೋಡಿ ಇಲ್ಲಿ ಎಲೆಕ್ಟ್ರಾನಿಕ್ ಸಿಟಿ ಆಗಬೇಕು ಅಂದಾಗ ನಕ್ಕವರೇ ಹೆಚ್ಚು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಹೊಸೂರು ರಸ್ತೆ ದಾಟೋದೇ ಕಷ್ಟ. ಅಲ್ಲಿಯ ಕಂಪನಿಗಳಲ್ಲಿ ನಮ್ಮ ಮಕ್ಕಳು ಕೆಲಸ ಮಾಡುತ್ತಾರೆ, ಕೆಲವರು ಕುರ್ಚಿಯ ಮೇಲೆ, ಕೆಲವರು ಗೇಟಿನ ಬಳಿ, ಕೆಲವರು ಕ್ಯಾಂಟೀನಿನಲ್ಲಿ. ಕಂಪನಿಗಳು ತೆಗೆದುಹಾಕಿದ ಹಳೆ ಕಂಪ್ಯೂಟರುಗಳು ಎಸ್.ಪಿ. ರಸ್ತೆ ಸುತ್ತಿಕೊಂಡು ನಮ್ಮ ಮನೆಗಳಿಗೆ ಬಂದಿವೆ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಬಾಗಿಲು ಹಾಕಿದಾಗ, ಹಸು ಮಾರಿ ಲ್ಯಾಪ್‌ಟಾಪ್ ತಂದವರೂ ನಮ್ಮ ಊರಿನಲ್ಲಿ ಇದ್ದಾರೆ.

ಈಗ ಸಂಘದ ಕಥೆಗೆ ಬರುತ್ತೇವೆ. ಇದು 2018ರ ಮಾತು. ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಕರೆಂಟು ಹೋಗಿ ಬಂತು, ಹೋಗಿ ಬಂತು. ಯು.ಪಿ.ಎಸ್. ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಮೂರನೇ ಸಲಕ್ಕೆ ಕಂಪ್ಯೂಟರ್ ಏಳಲೇ ಇಲ್ಲ. ಒಳಗಿಂದ ಟಕ್ ಟಕ್ ಅಂತ ಸದ್ದು ಮಾತ್ರ. ನಾವು ಏನು ಮಾಡಿದ್ವಿ? ಮೊಂಡು ಪಂಪ್‌ಸೆಟ್ಟಿಗೆ ಮಾಡಿದ ಹಾಗೆ ಆಫ್ ಮಾಡು, ಆನ್ ಮಾಡು ಅಂತ ಇಪ್ಪತ್ತು ಸಲ ಮಾಡಿದ್ವಿ. ಆಮೇಲೆ ತಿಳಿಯಿತು, ಆ ಟಕ್ ಟಕ್ ಸದ್ದು ಹಾರ್ಡ್ ಡಿಸ್ಕಿನದು, ಆ ಸದ್ದು ಬಂದ ಮೇಲೆ ಒಂದೊಂದು ಸಲ ಆನ್ ಮಾಡಿದಾಗಲೂ ಉಳಿದಿದ್ದೂ ಹಾಳಾಗುತ್ತದೆ ಅಂತ. ಎರಡು ಬಟವಾಡೆಯ ಲೆಕ್ಕ ಹೋಯಿತು. ಲೀಟರು, ಫ್ಯಾಟು, ಮೇವಿನ ಮುಂಗಡ, ಎಲ್ಲಾ ಹೋಯಿತು.

ಅದಕ್ಕೆ ನಾಲ್ಕು ತಿಂಗಳ ಮುಂಚೆಯೇ ರಿಪೇರಿಗೆ ಬಂದಿದ್ದ ಹುಡುಗ ಹೇಳಿದ್ದ, 'ಸಾರ್, ಒಂದು ಪೆನ್ ಡ್ರೈವ್ ತಗೊಳ್ಳಿ, ದಿನಾ ರಾತ್ರಿ ನಕಲು ಇಟ್ಟುಕೊಳ್ಳಿ' ಅಂತ. ಖರ್ಚು ಐನೂರು ರೂಪಾಯಿ ಒಳಗೇ ಇತ್ತು. ಆಡಳಿತ ಮಂಡಳಿ ಸಭೆಯಲ್ಲಿ 'ಇದೆಲ್ಲಾ ಇವರ ವ್ಯಾಪಾರ, ಮುಂದಿನ ಸಭೆಗೆ ನೋಡೋಣ' ಅಂದವರು ಯಾರು ಗೊತ್ತೇ? ಈಗ ಮೈಕಿನ ಮುಂದೆ ನಿಂತಿದ್ದೇವಲ್ಲ, ನಾವೇ. ಇದನ್ನು ಬೆಳ್ಳಿಹಬ್ಬದ ದಿನ ಹೇಳಬೇಕಾ ಅಂತ ಮನೆಯಲ್ಲಿ ಕೇಳಿದರು. ಇಂದು ಹೇಳದೆ ಇನ್ಯಾವತ್ತು ಹೇಳೋದು?

ಹದಿನೈದು ದಿನ ಬಟವಾಡೆ ನಿಂತಿತು. ಶಾಲೆ ಫೀಸು, ಸ್ತ್ರೀಶಕ್ತಿ ಸಂಘದ ಕಂತು, ಹಿಂಡಿ ಅಂಗಡಿ ಸಾಲ, ಎಲ್ಲವೂ ಹಾಲಿನ ದುಡ್ಡನ್ನು ನಂಬಿದ್ದವು. ಆಗ ನಮ್ಮನ್ನು ಉಳಿಸಿದವರು ಮೇಲಿನ ಬೀದಿಯ ಒಬ್ಬ ಅಜ್ಜಿ. ಅಕ್ಷರ ಬಾರದ ಆ ತಾಯಿ ಸಂಘ ಕೊಟ್ಟ ಪ್ರತಿಯೊಂದು ಚೀಟಿಯನ್ನೂ ಗೋಡೆಯ ತಂತಿಗೆ ಚುಚ್ಚಿ ಇಟ್ಟಿದ್ದರು. ಅದನ್ನು ತಂದು ಮೇಜಿನ ಮೇಲೆ ಇಟ್ಟು, 'ತಗಳ್ರಪ್ಪಾ, ನನ್ನ ಕಂಪ್ಯೂಟರ್ ಕೆಟ್ಟಿಲ್ಲ' ಅಂದರು. ಅವರನ್ನು ನೋಡಿ ಮನೆಮನೆಯಲ್ಲಿ ಹುಡುಕಾಡಿ ಚೀಟಿ ತಂದರು. ಸುಮಾರು ಮುಕ್ಕಾಲು ಪಾಲು ಲೆಕ್ಕ ಮತ್ತೆ ಕೂಡಿಬಂತು. ಚೀಟಿ ಇಲ್ಲದವರಿಗೆ ಹಿಂದಿನ ಬಟವಾಡೆಯ ಸರಾಸರಿ ಹಾಕಿ ಕೊಟ್ಟೆವು. ಆಗ ತಾನೆ ಕರು ಹಾಕಿದ್ದ ಹಸು ಇದ್ದವರಿಗೆ ಆ ಸರಾಸರಿಯಲ್ಲಿ ನಷ್ಟವೇ ಆಯಿತು. ಅವರಲ್ಲಿ ಒಬ್ಬರು ಒಂದು ವರ್ಷ ನಮ್ಮ ಹತ್ತಿರ ಮಾತು ಬಿಟ್ಟಿದ್ದರು. ಅವರ ಕೋಪ ನ್ಯಾಯವಾದದ್ದು. ಅವರು ಇಲ್ಲೇ ಕೂತಿದ್ದಾರೆ, ಇಂದು ಎಲ್ಲರ ಮುಂದೆ ಕ್ಷಮೆ ಕೇಳುತ್ತೇವೆ.

ಈ ಪಾಠ ನಮಗೆ ಹೊಸದಾಗಬಾರದಿತ್ತು. ನಮ್ಮ ಅಜ್ಜಂದಿರು ಬಿತ್ತನೆ ರಾಗಿಯನ್ನು ಒಂದೇ ಕಡೆ ಇಡುತ್ತಿದ್ದರಾ? ಸ್ವಲ್ಪ ಮನೆಯ ಮಡಕೆಯಲ್ಲಿ, ಸ್ವಲ್ಪ ಹಗೇವಿನಲ್ಲಿ, ಸ್ವಲ್ಪ ನೆಂಟರ ಊರಿನಲ್ಲಿ. ಮಡಕೆಗೆ ಹುಳ ಬಿದ್ದರೆ ಹಗೇವು, ಹಗೇವಿಗೆ ನೀರು ನುಗ್ಗಿದರೆ ನೆಂಟರ ಮನೆ. ಕಂಪ್ಯೂಟರ್ ಬಲ್ಲವರು ಹೇಳೋದೂ ಇದನ್ನೇ. ಲೆಕ್ಕದ ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಬಗೆಯ ಸಾಮಾನಿನಲ್ಲಿ ಇರಬೇಕು, ಒಂದು ಬೇರೆ ಜಾಗದಲ್ಲಿ ಇರಬೇಕು. ಮನೆಯಲ್ಲಿ ಮಕ್ಕಳ ಅಂಕಪಟ್ಟಿ, ಪಹಣಿ, ಮದುವೆ ಫೋಟೋ ಇಟ್ಟವರಿಗೂ ಇದೇ ಮಾತು. ಹದಿನೈದು ದಿನಕ್ಕೊಮ್ಮೆ ಆ ನಕಲು ತೆರೆಯುತ್ತದಾ ಅಂತ ತೆರೆದೂ ನೋಡಬೇಕು. ಮೊಳಕೆ ನೋಡದ ಬಿತ್ತನೆ ನಂಬೋ ಹಾಗಿಲ್ಲ.

ಇನ್ನು ಮನೆಯ ಕಂಪ್ಯೂಟರ್ ಕೆಟ್ಟಾಗ ಅಂಗಡಿಗೆ ಹೊರುವ ಮುಂಚೆ ನಾವೇ ನೋಡಬಹುದಾದ್ದು ಬಹಳ ಇದೆ. ಭಾನುವಾರ ಸಂಜೆ ಸಂಘದ ಜಗಲಿಯಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಂಡು ಕಲಿತದ್ದನ್ನು ಮುಂದಿಡುತ್ತೇವೆ.

ಆನ್ ಆಗಲೇ ಇಲ್ಲ ಅಂದರೆ ಮೊದಲು ಪ್ಲಗ್ಗು, ವೈರು, ಸ್ವಿಚ್ಚು ನೋಡಿ. ನಗಬೇಡಿ, ಜಗಲಿಗೆ ಬಂದ ದೂರುಗಳಲ್ಲಿ ಎಷ್ಟೋ ಅಲ್ಲೇ ಮುಗಿದಿವೆ. ಆನ್ ಆಗಿ ಬೀಪ್ ಬೀಪ್ ಅಂತ ಕೂಗಿ ಪರದೆ ಕಪ್ಪಾಗಿಯೇ ಇದ್ದರೆ ಹೆಚ್ಚಾಗಿ ಅದು ರ್‍ಯಾಮ್ ಅನ್ನುವ ಪಟ್ಟಿಯ ತಂಟೆ. ಕರೆಂಟು ಪೂರ್ತಿ ತೆಗೆದು, ಮೈಯ ವಿದ್ಯುತ್ ಇಳಿಯಲೆಂದು ಪೆಟ್ಟಿಗೆಯ ಕಬ್ಬಿಣ ಮುಟ್ಟಿ, ಆ ಪಟ್ಟಿ ಬಿಚ್ಚಿ, ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದರೆ ಬಹಳ ಸಲ ಸರಿಹೋಗುತ್ತದೆ. ಬಿಸಿಯಾಗಿ ತಾನೇ ಆಫ್ ಆಗುತ್ತಿದ್ದರೆ ಒಳಗಿನ ಫ್ಯಾನು ನೋಡಿ. ನಮ್ಮ ಊರಲ್ಲಿ ಒಂದು ಕಡೆ ಹಿಂಡಿ ಧೂಳು, ಇನ್ನೊಂದು ಕಡೆ ಲೇಔಟ್ ಕೆಲಸದ ಮಣ್ಣು. ಬ್ರಷ್ಷಿನಿಂದ ಧೂಳು ತೆಗೆದರೆ ಅರ್ಧ ಕಾಯಿಲೆ ವಾಸಿ.

ನಮ್ಮ ಮನೆಯದೇ ಒಂದು ಪ್ರಸಂಗ ಇದೆ. ಮಗಳ ಕಂಪ್ಯೂಟರಿನಲ್ಲಿ ಯಾವ ವೆಬ್‌ಸೈಟೂ ತೆರೆಯುತ್ತಿರಲಿಲ್ಲ, 'ಸುರಕ್ಷಿತವಲ್ಲ' ಅಂತ ಬರುತ್ತಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ಬೋರ್ಡೇ ಹೋಗಿದೆ, ನಾಲ್ಕೂವರೆ ಸಾವಿರ ಆಗುತ್ತೆ ಅಂದರು. ವಾಪಸ್ಸು ಹೊತ್ತು ತಂದು ಜಗಲಿಯಲ್ಲಿ ಇಟ್ಟಾಗ, ಪಕ್ಕದ ಮನೆ ಹುಡುಗ ನೋಡಿದ್ದು ಮೂಲೆಯ ತಾರೀಕು. ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತಿತ್ತು. ಬೋರ್ಡಿನ ಮೇಲೆ ಗಡಿಯಾರಕ್ಕೆ ಅಂತಲೇ ಗುಂಡಗಿನ ಒಂದು ಸೆಲ್ಲು ಇರುತ್ತದೆ, ಸಿ.ಆರ್. 2032 ಅಂತ ಅದರ ಮೇಲೇ ಬರೆದಿರುತ್ತದೆ, ಮೂರು ವೋಲ್ಟಿನದು. ಅದು ಸತ್ತರೆ ಕರೆಂಟು ತೆಗೆದಾಗಲೆಲ್ಲಾ ಕಂಪ್ಯೂಟರ್ ದಿನ ಮರೆಯುತ್ತದೆ, ದಿನ ತಪ್ಪಿದರೆ ವೆಬ್‌ಸೈಟಿನ ಸುರಕ್ಷತಾ ಪತ್ರದ ಅವಧಿ ತಾಳೆಯಾಗುವುದಿಲ್ಲ. ಸೆಲ್ಲಿಗೆ ಕೊಟ್ಟದ್ದು ನಲವತ್ತು ರೂಪಾಯಿ. ಆದರೆ ಎಲ್ಲಾ ಅಂಗಡಿಯವರೂ ಹಾಗೆ ಅಂತ ನಾವು ಹೇಳೋದಿಲ್ಲ, ಎರಡು ಕಡೆ ಕೇಳಿ ಅಂತಷ್ಟೇ ಹೇಳುತ್ತೇವೆ.

ಕನ್ನಡದ ಪತ್ರ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ವೈರಸ್ ಅಂತ ಹೆದರಬೇಡಿ. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೇ ಅಕ್ಷರಗಳಲ್ಲಿ ಮಾಡಿದ ಪತ್ರ ಅದು, ಆ ಅಕ್ಷರ ಇಲ್ಲದ ಕಡೆ ಹಾಗೆ ಕಾಣುತ್ತದೆ. ಅದೇ ತಂತ್ರಾಂಶಗಳಲ್ಲಿ ಯೂನಿಕೋಡಿಗೆ ಬದಲಿಸುವ ಸೌಲಭ್ಯ ಇದೆ. ನಮ್ಮ ಸಂಘದ ಹಳೇ ನಡಾವಳಿಗಳನ್ನು ಹಾಗೆ ಬದಲಿಸಿಯೇ ಈ ಸಂಚಿಕೆಗೆ ಕೊಟ್ಟಿದ್ದು.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆ. 'ವಿಂಡೋಸ್ 10 ನಿಂತುಹೋಯಿತಂತೆ, ಕಂಪ್ಯೂಟರ್ ಎಸೆಯಬೇಕಂತೆ, ಹೌದಾ?' ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ್ದು ನಿಜ. ಹಿಂದೆ ಎಕ್ಸ್.ಪಿ.ಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಹೀಗೇ ಆಗಿತ್ತು. ಬೆಂಬಲ ನಿಂತರೆ ಯಂತ್ರ ನಿಲ್ಲುವುದಿಲ್ಲ. ಕಳ್ಳಗಂಡಿ ಕಂಡುಬಂದರೆ ಮುಚ್ಚಿಕೊಡುವವರು ಇರುವುದಿಲ್ಲ, ಅಷ್ಟೇ. ಅಷ್ಟೇ ಅಂತ ಹಗುರ ಮಾಡಲೂ ಬಾರದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಲೋಕವೆಲ್ಲಾ ಹರಡಿ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಿತು, ಇಂಗ್ಲೆಂಡಿನ ಆಸ್ಪತ್ರೆಗಳೂ ಅದರಿಂದ ನರಳಿದವು. ಅದಕ್ಕೆ ಬೇಕಾದ ತೇಪೆಯನ್ನು ಕಂಪನಿ ಆ ವರ್ಷದ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ಕಾಲುಬಾಯಿ ಜ್ವರದ ಲಸಿಕೆ ಊರಿಗೆ ಬಂದಾಗ ಹಸು ಬಚ್ಚಿಟ್ಟವರ ಕಥೆ ನಮಗೆ ಗೊತ್ತಿಲ್ಲವೇ?

ಹಾಗಾದರೆ ಏನು ಮಾಡೋದು? ಮೊದಲು ನಿಮ್ಮ ಯಂತ್ರ ವಿಂಡೋಸ್ 11 ತಡೆಯುತ್ತದಾ ನೋಡಿ. ಕಂಪನಿಯದೇ 'ಪಿಸಿ ಹೆಲ್ತ್ ಚೆಕ್' ಅನ್ನುವ ಪುಕ್ಕಟೆ ತಂತ್ರಾಂಶ ಅದನ್ನು ಹೇಳುತ್ತದೆ. 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಜಾಗ, ಟಿ.ಪಿ.ಎಂ. 2.0 ಅನ್ನುವ ಸುರಕ್ಷತಾ ಭಾಗ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದು ಅಥವಾ ಅದಕ್ಕಿಂತ ಈಚಿನದು ಆಗಿರಬೇಕು. ಟಿ.ಪಿ.ಎಂ. ಇದ್ದೂ ಮಲಗಿರುವ ಯಂತ್ರಗಳಿವೆ, ಬಲ್ಲವರ ಕೈಲಿ ಎಬ್ಬಿಸಿಕೊಳ್ಳಿ. ತಡೆಯುವುದಾದರೆ ಪುಕ್ಕಟೆಯಾಗಿಯೇ ಏರಿಸಿಕೊಳ್ಳಬಹುದು. ಹಳೇ ಹಾರ್ಡ್ ಡಿಸ್ಕ್ ಇದ್ದರೆ ಅದರ ಬದಲು ಎಸ್.ಎಸ್.ಡಿ. ಹಾಕಿಸಿ, ಮುದಿ ಎತ್ತು ಹೋರಿಯಾದಂತೆ ಓಡುತ್ತದೆ.

ತಡೆಯದಿದ್ದರೆ ಎರಡು ದಾರಿ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ತೇಪೆ ಕೊಡುವ ಯೋಜನೆಯನ್ನು ಕಂಪನಿ ಪ್ರಕಟಿಸಿತು. ಅದು ಗಡುವು ಮುಂದೂಡುವ ದಾರಿ, ಶಾಶ್ವತ ಪರಿಹಾರವಲ್ಲ. ಇನ್ನೊಂದು ಲಿನಕ್ಸ್ ಅನ್ನುವ ಪುಕ್ಕಟೆ ವ್ಯವಸ್ಥೆ. ಬರೆಯಲು, ಪಾಠ ನೋಡಲು, ಪಹಣಿ ತೆಗೆಯಲು ಅದು ಸಾಕು, ಕನ್ನಡವೂ ಬರುತ್ತದೆ. ಆದರೆ ನಿಮ್ಮ ಪ್ರಿಂಟರ್, ಲೆಕ್ಕದ ತಂತ್ರಾಂಶ ಅದರಲ್ಲಿ ನಡೆಯುತ್ತದಾ ಅಂತ ಮೊದಲೇ ಪೆನ್ ಡ್ರೈವಿನಿಂದ ಪರೀಕ್ಷೆ ಮಾಡಿ. ಸಂಘದ ಯಂತ್ರಕ್ಕೆ ಮಾತ್ರ ತಂತ್ರಾಂಶ ಕೊಟ್ಟವರನ್ನು ಲಿಖಿತವಾಗಿ ಕೇಳದೆ ಕೈ ಹಾಕಬಾರದು.

ಇನ್ನೂ ಒಂದು ಎಚ್ಚರಿಕೆ. ಕಂಪನಿಗಳು ಹೊರಹಾಕಿದ ಹಳೇ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ. ಹಲ್ಲು ನೋಡದೆ ಹಸು ಕೊಳ್ಳಬೇಡಿ, ಪೀಳಿಗೆ ನೋಡದೆ ಕಂಪ್ಯೂಟರ್ ಕೊಳ್ಳಬೇಡಿ. ನಿಮ್ಮದನ್ನು ಮಾರುವಾಗ ಡಿಸ್ಕನ್ನು ಪೂರ್ತಿ ಅಳಿಸಿ ಮಾರಿ, ಅದರಲ್ಲಿ ನಿಮ್ಮ ಆಧಾರ್ ಪ್ರತಿ, ಪಾಸ್‌ಬುಕ್ ಫೋಟೋ ಇರುತ್ತವೆ.

ಏರಿಸುವ ದಿನ ಮೊದಲು ನಕಲು ಇಟ್ಟುಕೊಳ್ಳಿ, ಕರೆಂಟು ನಿಲ್ಲುವ ಸಮಯವಾ ಅಂತ ವಿಚಾರಿಸಿ, ಶುರುವಾದ ಮೇಲೆ ಅರ್ಧದಲ್ಲಿ ಆಫ್ ಮಾಡಬೇಡಿ. ಹಸು ಈಯುವಾಗ ಅವಸರ ಮಾಡುತ್ತೀರಾ? ಬಟವಾಡೆ ಹಿಂದಿನ ದಿನವಂತೂ ಏರಿಸಲೇಬೇಡಿ.

ಪರದೆಯ ಮೇಲೆ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಅಂತ ಕೂಗಿದರೆ ಫೋನ್ ಮಾಡಬೇಡಿ. ವೈರ್ ಕಿತ್ತರೂ ಪರವಾಗಿಲ್ಲ. ಯಾರೋ ದೂರದಿಂದ ಸರಿಮಾಡಿಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ ಅಂದರೆ ನಿಮ್ಮ ಬೀರು ಕೀಲಿ ಕೊಟ್ಟ ಹಾಗೆ. ದುಡ್ಡು ಹೋದರೆ ನಾಚಿಕೊಳ್ಳದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದರೆ ದುಡ್ಡು ತಡೆಯುವ ಅವಕಾಶ ಅಷ್ಟು ಹೆಚ್ಚು.

ಬಂಧುಗಳೇ, ಕೊನೆಯದಾಗಿ ಸಂಘದ ಮುಂದೆ ಮೂರು ಬೇಡಿಕೆ ಇಡುತ್ತೇವೆ. ಸಂಘದ ಲೆಕ್ಕದ ಮೂರು ಪ್ರತಿ ಇಡುವುದನ್ನು ಠರಾವು ಮಾಡಿ, ಅದಕ್ಕೆ ಹೆಸರು ಹಿಡಿದು ಒಬ್ಬರನ್ನು ಜವಾಬ್ದಾರರನ್ನಾಗಿ ಮಾಡಬೇಕು. ಭಾನುವಾರದ ಜಗಲಿಗೆ ಒಂದು ಟೇಬಲ್ಲು, ಒಂದು ದೀಪ, ಒಂದು ಸ್ಕ್ರೂಡ್ರೈವರ್ ಸೆಟ್ಟು ಕೊಡಬೇಕು, ಕಂಪನಿಗೆ ಹೋಗುವ ಹುಡುಗ ಹುಡುಗಿಯರು ಸರದಿಯಂತೆ ಬಂದು ಕೂರಬೇಕು. ಮೂರನೆಯದು, ಯಂತ್ರ ಎಷ್ಟೇ ಹೊಸದಾದರೂ ಹಾಲು ಹಾಕಿದವರ ಕೈಗೆ ಚೀಟಿ ಕೊಡುವುದನ್ನು ನಿಲ್ಲಿಸಬಾರದು.

ಆ ಅಜ್ಜಿ ಈಗ ಇಲ್ಲ. ಅವರ ತಂತಿಯನ್ನು ಅವರ ಮನೆಯವರು ಸಂಘಕ್ಕೆ ಕೊಟ್ಟಿದ್ದಾರೆ. ಚೀಟಿಗಳ ಸಮೇತ ಕಂಪ್ಯೂಟರಿನ ಮೇಲಿನ ಗೋಡೆಗೆ ತೂಗುಹಾಕಿದ್ದೇವೆ, ಹಾಲು ಹಾಕಲು ಬಂದಾಗ ತಾವು ನೋಡಬಹುದು. ಮುಂದಿನ ಸಭೆಗೆ ನೋಡೋಣ ಅನ್ನುವ ಮಾತು ಬಾಯಿಗೆ ಬಂದಾಗಲೆಲ್ಲಾ ನಾವೂ ಅದನ್ನೇ ನೋಡುತ್ತೇವೆ.