ಡಿಗ್ರಿ ಮುಗಿದ ಮೇಲೆ ನರ್ಸಿಂಗ್



ನಾನು ನರ್ಸಿಂಗ್ ಪಾಠ ಹೇಳುವವಳು. ವರ್ಷದ ಮೊದಲ ದಿನ ಹಾಜರಿ ಕರೆಯುವಾಗ ನನ್ನ ಮುಂದೆ ಕೂತಿರುವವರಲ್ಲಿ ಹೆಚ್ಚಿನವರು ಹದಿನೇಳು, ಹದಿನೆಂಟರ ಮಕ್ಕಳು. ಅಪ್ಪ ಅಮ್ಮ ಹಾಸ್ಟೆಲಿಗೆ ಬಿಟ್ಟುಹೋದ ದುಃಖ ಇನ್ನೂ ಆರಿರುವುದಿಲ್ಲ. ಅವರ ನಡುವೆ ಒಂದೊಂದು ವರ್ಷ ಒಬ್ಬರು ಬೇರೆ ಥರದವರು ಕೂತಿರುತ್ತಾರೆ. ಹಾಗೆ ಒಮ್ಮೆ ಬಂದವಳಿಗೆ ಇಪ್ಪತ್ತೊಂಬತ್ತು ವಯಸ್ಸು. ಬಿ.ಕಾಂ. ಮುಗಿಸಿ ಆರು ವರ್ಷ ಒಬ್ಬ ಆಡಿಟರ ಕಚೇರಿಯಲ್ಲಿ ಲೆಕ್ಕ ಬರೆದವಳು. ತಾಯಿಗೆ ಲಕ್ವ ಹೊಡೆದು ಮೂರು ತಿಂಗಳು ಹಾಸಿಗೆ ಹಿಡಿದಾಗ ಮೈ ಒರೆಸಿ, ಗಂಜಿ ಕುಡಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ್ದಳು. ಬೆನ್ನಿಗೆ ಒಂದು ಹುಣ್ಣಾಗಲು ಬಿಟ್ಟಿರಲಿಲ್ಲ. “ಈ ಕೆಲಸ ನನಗೆ ಒಗ್ಗುತ್ತೆ ಅಂತ ಆಗ ಗೊತ್ತಾಯ್ತು ಮೇಡಂ” ಅಂದಳು. ಆದರೆ ಮನೆಯಲ್ಲಿ ಅವಳ ದೊಡ್ಡಪ್ಪ ಬೇರೆ ಲೆಕ್ಕ ತೆಗೆದಿದ್ದರು. “ಬಿ.ಕಾಂ. ಓದಿ ನರ್ಸಾ? ಹಾಗಾದ್ರೆ ಆ ಮೂರು ವರ್ಷ ದಂಡ ಅಂತಾಯ್ತು!”

ದೊಡ್ಡಪ್ಪನ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಒಂದು, ಹಳೆಯ ಪದವಿಯಿಂದ ನರ್ಸಿಂಗ್ ಓದಿನಲ್ಲಿ ಏನಾದರೂ ರಿಯಾಯಿತಿ ಸಿಗುತ್ತದೆಯೆ? ಎರಡು, ರಿಯಾಯಿತಿ ಸಿಗದಿದ್ದರೆ ಆ ಓದು ನಿಜವಾಗಿಯೂ ದಂಡವೆ? ಇವತ್ತು ಇವೆರಡಕ್ಕೂ ಉತ್ತರ ಹುಡುಕೋಣ.

ಮೊದಲನೆಯದಕ್ಕೆ ಉತ್ತರ ನೀವು ಯಾವ ದೇಶದಲ್ಲಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ಅಮೆರಿಕದಲ್ಲಿ ರಿಯಾಯಿತಿ ಇದೆ. ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆಂದೇ ಅಲ್ಲಿ ವೇಗದ ನರ್ಸಿಂಗ್ ಪದವಿ ಎಂಬ ಕೋರ್ಸುಗಳಿವೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲೇ ಇಂಥದೊಂದನ್ನು ಶುರು ಮಾಡಿತು. ನಾಲ್ಕು ವರ್ಷದ ಪದವಿ ಇಲ್ಲಿ ಸುಮಾರು 11ರಿಂದ 18 ತಿಂಗಳಲ್ಲಿ ಮುಗಿಯುತ್ತದೆ.

ಇದನ್ನು ಕೇಳಿದವರಿಗೆ ಅನುಮಾನ ಬರುವುದು ಸಹಜ. ನಾಲ್ಕು ವರ್ಷದ ಓದು ಒಂದೂವರೆ ವರ್ಷಕ್ಕೆ ಇಳಿದರೆ ಏನನ್ನೋ ಕತ್ತರಿಸಿರಬೇಕಲ್ಲ? ಕತ್ತರಿಸಿದ್ದಾರೆ. ಆದರೆ ಕತ್ತರಿಸಿದ್ದು ನರ್ಸಿಂಗನ್ನಲ್ಲ. ಅಮೆರಿಕದ ಯಾವುದೇ ಪದವಿಯಲ್ಲಿ ಮೊದಲ ಎರಡು ವರ್ಷದ ಬಹುಪಾಲು ಸಾಮಾನ್ಯ ವಿಷಯಗಳಿಗೆ ಹೋಗುತ್ತದೆ: ಭಾಷೆ, ಇತಿಹಾಸ, ಸಮಾಜಶಾಸ್ತ್ರ, ಗಣಿತ. ಮೊದಲೇ ಪದವಿ ಪಡೆದವರು ಅವನ್ನೆಲ್ಲ ಓದಿ ಮುಗಿಸಿರುತ್ತಾರೆ. ಇನ್ನು ಉಳಿಯುವುದು ನರ್ಸಿಂಗ್ ಭಾಗ. ಅದನ್ನು ಬೇಸಿಗೆ ರಜೆ ಇಲ್ಲದೆ, ಒಂದರ ಬೆನ್ನಿಗೊಂದು ಸೆಮಿಸ್ಟರ್ ಇಟ್ಟು ಓದಿಸುತ್ತಾರೆ. ಸೇರುವ ಮೊದಲೇ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಸಂಖ್ಯಾಶಾಸ್ತ್ರ ಇಂಥವನ್ನು ಓದಿ ಪಾಸಾಗಿರಬೇಕು. ಎಂದೋ ಓದಿದ್ದು ನಡೆಯುವುದಿಲ್ಲ, ಈಚಿನ ಕೆಲವೇ ವರ್ಷಗಳಲ್ಲಿ ಓದಿರಬೇಕು ಅನ್ನುವ ಕಾಲೇಜುಗಳೂ ಇವೆ. ಓದು ಎಷ್ಟು ಬಿಗಿ ಎಂದರೆ, ಓದಿನ ಜೊತೆ ಕೆಲಸ ಇಟ್ಟುಕೊಳ್ಳಬೇಡಿ ಎಂದು ಕಾಲೇಜಿನವರೇ ಹೇಳುತ್ತಾರೆ.

ಕೊನೆಗೆ ಎಲ್ಲರಿಗೂ ಒಂದೇ ಲೈಸೆನ್ಸ್ ಪರೀಕ್ಷೆ, ಎನ್‌ಕ್ಲೆಕ್ಸ್. ಅದು ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪರೀಕ್ಷೆ. ನೀವು ಸರಿ ಉತ್ತರ ಕೊಟ್ಟಷ್ಟೂ ಮುಂದಿನ ಪ್ರಶ್ನೆ ಕಠಿಣವಾಗುತ್ತ ಹೋಗುತ್ತದೆ. ಕಡಿಮೆ ಎಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಸಮಯ 5 ಗಂಟೆ. ನೀವು ನಾಲ್ಕು ವರ್ಷ ಓದಿ ಬಂದಿರೋ, ಒಂದೂವರೆ ವರ್ಷ ಓದಿ ಬಂದಿರೋ ಎಂದು ಆ ಕಂಪ್ಯೂಟರ್ ಕೇಳುವುದಿಲ್ಲ.

ಈ ದಾರಿಯ ಬಗ್ಗೆ ನಮ್ಮ ಕನ್ನಡದ ಹೆಣ್ಣುಮಕ್ಕಳೂ ವಿಚಾರಿಸುತ್ತಾರೆ. ಗಂಡನ ಕೆಲಸದ ವೀಸಾದ ಮೇಲೆ ಅಲ್ಲಿಗೆ ಹೋದವರು, ಕೈಯಲ್ಲಿ ಎಂಜಿನಿಯರಿಂಗ್ ಪದವಿ ಹಿಡಿದು ಮನೆಯಲ್ಲಿ ಕೂತವರು. ಅವರಿಗೆ ಒಂದು ಮಾತು. ಆ ವೀಸಾದಲ್ಲಿ ಓದಲು ಅಡ್ಡಿಯಿಲ್ಲ. ಆದರೆ ಓದಿ, ಪರೀಕ್ಷೆ ಗೆದ್ದು, ಲೈಸೆನ್ಸ್ ಬಂದರೂ ಕೆಲಸಕ್ಕೆ ಸೇರಲು ಹೆಚ್ಚಿನವರಿಗೆ ಬೇರೆ ಅನುಮತಿ ಬೇಕು. ಅದು ಯಾವಾಗ, ಹೇಗೆ ಸಿಗುತ್ತದೆ ಎಂದು ತಿಳಿದುಕೊಳ್ಳದೆ ಸಾಲ ಮಾಡಬೇಡಿ.

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಪದವೀಧರರಿಗೆಂದು ಅಂಥ ಒಳದಾರಿ ಇಲ್ಲ. ಬಿ.ಎಸ್ಸಿ. ನರ್ಸಿಂಗಿಗೆ ಸೇರಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಆಮೇಲೆ ನೀವು ಎಂ.ಎ. ಮಾಡಿರಿ, ಎಂ.ಬಿ.ಎ. ಮಾಡಿರಿ, ಅರ್ಜಿ ತೆಗೆದುಕೊಳ್ಳುವವರು ನೋಡುವುದು ಪಿಯುಸಿ ಅಂಕಪಟ್ಟಿ. ಓದು ಪೂರಾ ನಾಲ್ಕು ವರ್ಷ. ಕಾಮರ್ಸ್, ಆರ್ಟ್ಸ್ ಓದಿದವರಿಗೆ ತೆರೆದಿರುವ ಬಾಗಿಲು ಜಿ.ಎನ್.ಎಂ. ಎಂಬ ಮೂರು ವರ್ಷದ ಡಿಪ್ಲೊಮಾ. ಇದಕ್ಕೆ ಯಾವ ವಿಭಾಗದಲ್ಲಿ ಪಿಯುಸಿ ಆಗಿದ್ದರೂ ಸರಿ, ಇಂಗ್ಲಿಷ್ ಇರಬೇಕು, ಕನಿಷ್ಠ ಶೇಕಡಾ 40 ಅಂಕ ಇರಬೇಕು. ವಯಸ್ಸು 17ರಿಂದ 35. ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದ ಮೇಲೆ, ಪದವಿಯೂ ಬೇಕೆಂದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಒಟ್ಟು ಐದು ವರ್ಷ.

ಅಮೆರಿಕದಲ್ಲಿ ಒಂದೂವರೆ, ಇಲ್ಲಿ ಐದು! ಇದು ಅನ್ಯಾಯವಲ್ಲವೆ ಎಂದು ನನ್ನ ವಿದ್ಯಾರ್ಥಿನಿ ಕೇಳಿದ್ದಳು. ನಾನು ಅವಳ ಮುಂದೆ ಸಿಲಬಸ್ ಇಟ್ಟೆ. “ನೀನು ಆಡಿಟ್ ಮಾಡಿದವಳು. ಇದರಲ್ಲಿ ನಿನ್ನ ಬಿ.ಕಾಂ. ಎಲ್ಲಿ ಕಳೆಯಬಹುದು, ಹುಡುಕು” ಅಂದೆ. ಅವಳು ಬೆರಳಿಟ್ಟು ಹುಡುಕಿದಳು. ನಮ್ಮಲ್ಲಿ ಮೊದಲ ವರ್ಷವೇ ಅಂಗರಚನೆ, ಮೊದಲ ವರ್ಷವೇ ವಾರ್ಡು. ಇಂಗ್ಲಿಷ್, ಕಂಪ್ಯೂಟರ್ ಹೀಗೆ ಅಲ್ಲೊಂದು ಇಲ್ಲೊಂದು ಬಿಟ್ಟರೆ ಉಳಿದದ್ದೆಲ್ಲ ನರ್ಸಿಂಗೇ. ಕಳೆಯಲು ಏನೂ ಇಲ್ಲ. ಅಮೆರಿಕದಲ್ಲಿ ಉಳಿತಾಯವಾಗುವುದು ಸಾಮಾನ್ಯ ವಿಷಯಗಳ ವರ್ಷಗಳು. ನಾವು ಆ ವರ್ಷಗಳನ್ನು ನರ್ಸಿಂಗ್ ಓದಿನೊಳಗೆ ಇಟ್ಟೇ ಇಲ್ಲ. ಎರಡೂ ಕಡೆ ನಿಯಮ ಒಂದೇ: ಹಳೆಯ ಪದವಿ ತರಗತಿಯ ಕಾಲವನ್ನು ಉಳಿಸಬಹುದು, ವಾರ್ಡಿನ ಕಾಲವನ್ನು ಉಳಿಸಲಾರದು.

ಯಾಕೆ ಉಳಿಸಲಾರದು ಎನ್ನುವುದಕ್ಕೆ ಅವಳದೇ ಒಂದು ಪ್ರಸಂಗ ಹೇಳುತ್ತೇನೆ. ಡ್ರಿಪ್ ಹಾಕುವ ಲೆಕ್ಕ ಹೇಳಿಕೊಡುವ ದಿನ. ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು. ಕೊಳವೆಯಲ್ಲಿ ಒಂದು ಮಿಲಿಲೀಟರಿಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? ಮಕ್ಕಳೆಲ್ಲ ಪುಸ್ತಕದಲ್ಲಿ ಗೀಚುತ್ತಿದ್ದರು. ಇವಳು ಕತ್ತೆತ್ತಿ “ನಲವತ್ತೆರಡು ಮೇಡಂ” ಅಂದಳು. ಸಾವಿರ ಮಿಲಿಲೀಟರಿಗೆ 20,000 ಹನಿ, ಎಂಟು ಗಂಟೆಗೆ 480 ನಿಮಿಷ, ಭಾಗಿಸಿದರೆ 42ಕ್ಕೆ ಕೂದಲೆಳೆಯಷ್ಟು ಕಡಿಮೆ. ತರಗತಿಯಲ್ಲಿ ಅವಳಿಗೆ ಸಾಟಿ ಇರಲಿಲ್ಲ.

ಮಾರನೇ ವಾರ ವಾರ್ಡಿನಲ್ಲಿ ಒಬ್ಬ ಅಜ್ಜನಿಗೆ ಡ್ರಿಪ್ ಹಾಕಿತ್ತು. ನಮ್ಮ ಸ್ಟಾಫ್ ನರ್ಸ್ ಎದುರಿಗೇ ಇವಳು ಗಡಿಯಾರ ಹಿಡಿದು, ಕೊಳವೆಯ ಚಕ್ರ ತಿರುಗಿಸಿ, ಸರಿಯಾಗಿ 42ಕ್ಕೆ ನಿಲ್ಲಿಸಿದಳು. ಚಾರ್ಟಿನಲ್ಲಿ ಚೊಕ್ಕವಾಗಿ ಬರೆದಳು. ಅರ್ಧ ಗಂಟೆ ಕಳೆದಿರಬೇಕು, ಹದಿನೆಂಟರ ಒಬ್ಬ ಹುಡುಗಿ ಬಂದು ಪಿಸುಗುಟ್ಟಿದಳು, “ಅಕ್ಕಾ, ಅಜ್ಜನ ಡ್ರಿಪ್ ನಿಂತುಬಿಟ್ಟಿದೆ.” ಅಜ್ಜ ನಿದ್ದೆಗಣ್ಣಿನಲ್ಲಿ ಕೈ ಮಡಿಸಿ ತಲೆಯ ಕೆಳಗೆ ಇಟ್ಟುಕೊಂಡಿದ್ದ. “ಲೆಕ್ಕ ಸರಿಯಾಗಿತ್ತು ಮೇಡಂ” ಅಂದಳು ಇವಳು, ಮುಖ ಸಣ್ಣದು ಮಾಡಿಕೊಂಡು. ಲೆಕ್ಕ ಸರಿಯೇ ಇತ್ತು. ಮೊಣಕೈ ಅಜ್ಜನದು! ಆ ಹುಡುಗಿಗೆ 42 ಎಂದು ಲೆಕ್ಕ ಹಾಕಲು ಕಾಲು ಗಂಟೆ ಬೇಕಾಗಿತ್ತು. ಆದರೆ ಮನೆಯಲ್ಲಿ ಹಟ್ಟಿ ಕೆಲಸ, ಚಿಕ್ಕ ತಮ್ಮನ ಆರೈಕೆ ಮಾಡಿ ಬೆಳೆದವಳು. ಮಂಚದ ಪಕ್ಕ ಹಾದುಹೋಗುವಾಗ ಅವಳ ಕಣ್ಣು ತಾನಾಗಿ ಬಾಟಲಿಯ ಮೇಲೆ ಹೋಗುತ್ತಿತ್ತು.

ಆ ದಿನದಿಂದ ಇಬ್ಬರೂ ಜೋಡಿಯಾದರು. ಅಕ್ಕ ಲೆಕ್ಕ ಹೇಳಿಕೊಡುವಳು, ತಂಗಿ ವಾರ್ಡು ತೋರಿಸುವಳು. ಎರಡನೇ ವರ್ಷದ ಹೊತ್ತಿಗೆ ಅಕ್ಕನ ಕಣ್ಣೂ ಬಾಟಲಿಯ ಕಡೆ ತಾನಾಗಿ ಹೋಗತೊಡಗಿತು. ಅದು ಬರುವುದು ಗಂಟೆಗಟ್ಟಲೆ ವಾರ್ಡಿನಲ್ಲಿ ನಿಂತಮೇಲೆ ಮಾತ್ರ.

ಹಾಗಾದರೆ ಹಳೆಯ ಓದು ದಂಡವೆ? ಇದು ಎರಡನೆಯ ಪ್ರಶ್ನೆ. ಇದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಉತ್ತರಗಳಿವೆ.

1918ರ ಮಾತು. ಮೊದಲ ಮಹಾಯುದ್ಧದಿಂದಾಗಿ ಅಮೆರಿಕದಲ್ಲಿ ದಾದಿಯರಿಗೆ ಬರ ಬಂದಿತ್ತು. ಆಗ ನ್ಯೂಯಾರ್ಕ್ ರಾಜ್ಯದ ವಾಸರ್ ಎಂಬ ಮಹಿಳಾ ಕಾಲೇಜಿನಲ್ಲಿ ಬೇಸಿಗೆ ಶಿಬಿರವೊಂದು ನಡೆಯಿತು. ಸೇರಲು ಯಾವುದಾದರೂ ವಿಷಯದಲ್ಲಿ ಪದವಿ ಇರಬೇಕು ಎಂಬುದೇ ನಿಯಮ. 400ಕ್ಕೂ ಹೆಚ್ಚು ಪದವೀಧರೆಯರು ಬಂದರು. ಪುಸ್ತಕದ ಭಾಗವನ್ನು ಆ ಬೇಸಿಗೆಯಲ್ಲೇ ಓದಿ, ಮುಂದಿನ ತರಬೇತಿಗೆ ಆಸ್ಪತ್ರೆಗಳಿಗೆ ಹೊರಟರು. ಮೂರು ವರ್ಷದ ತರಬೇತಿಯಲ್ಲಿ ಅವರಿಗೆ ಉಳಿತಾಯವಾದದ್ದು ಕೆಲವೇ ತಿಂಗಳು. ಯುದ್ಧದ ಅವಸರದಲ್ಲೂ ವಾರ್ಡಿನ ಕಾಲವನ್ನು ಯಾರೂ ಅಳಿಸಿಹಾಕಲಿಲ್ಲ. ಅವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇನ್‌ಫ್ಲುಯೆಂಜಾ ಮಹಾಮಾರಿ ಕಾದಿತ್ತು.

ಇನ್ನೊಬ್ಬರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಆಕ್ಸ್‌ಫರ್ಡಿನಲ್ಲಿ ರಾಜಕೀಯ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರ ಓದುತ್ತಿದ್ದವರು. ಎರಡನೇ ಮಹಾಯುದ್ಧ ಬಂದಾಗ ಓದು ಬಿಟ್ಟು, ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಶುರುಮಾಡಿದ ಲಂಡನ್ನಿನ ನರ್ಸಿಂಗ್ ಶಾಲೆಗೆ ಸೇರಿದರು. ದಾದಿಯಾದರು. ಬೆನ್ನುನೋವು ಆ ಕೆಲಸ ಬಿಡಿಸಿತು. ಮತ್ತೆ ಓದಿ ಆಸ್ಪತ್ರೆಯ ಸಮಾಜಸೇವಕಿಯಾದರು. ಮತ್ತೂ ಓದಿ, ನಲವತ್ತರ ಹೊಸ್ತಿಲಲ್ಲಿ, 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಸಾಯುವವನ ನೋವು ಮೈಯದಷ್ಟೇ ಅಲ್ಲ, ಮನಸ್ಸಿನದೂ ಇದೆ, ಸಂಸಾರದ್ದೂ ಇದೆ, ನಂಬಿಕೆಯದೂ ಇದೆ, ಎಲ್ಲಕ್ಕೂ ಒಟ್ಟಿಗೆ ಮದ್ದು ಬೇಕು ಎಂದು ವೈದ್ಯಲೋಕಕ್ಕೆ ಕಲಿಸಿದವರು ಅವರು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಇವತ್ತು ಕ್ಯಾನ್ಸರಿನ ಕೊನೆಯ ಹಂತದವರನ್ನು ನೋಡಿಕೊಳ್ಳುವುದರ ಹಿಂದೆ ಈ ತಿಳಿವಳಿಕೆ ಇದೆ. ಸಿಸಿಲಿಯವರ ಯಾವ ಓದನ್ನು ದಂಡ ಎನ್ನೋಣ?

ಆದರೆ ಎಲ್ಲ ಸಲೀಸು ಎಂದು ನಾನು ಹೇಳಲಾರೆ. ಮೂವತ್ತರ ಹತ್ತಿರ ಮತ್ತೆ ವಿದ್ಯಾರ್ಥಿಯಾಗುವುದು ಕಷ್ಟ. ಮೂರು ವರ್ಷ ಸಂಬಳವಿಲ್ಲ. ತನಗಿಂತ ಚಿಕ್ಕ ವಯಸ್ಸಿನ ಸಿಸ್ಟರ್ ಬೈದರೆ ಬೈಸಿಕೊಳ್ಳಬೇಕು. ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತು ರೂಢಿಯಾದ ಕಾಲುಗಳು ನೈಟ್ ಡ್ಯೂಟಿಯಲ್ಲಿ ಬಾತುಕೊಳ್ಳುತ್ತವೆ. ಬೆಡ್‌ಪ್ಯಾನ್ ಎತ್ತುವ ದಿನ ಡಿಗ್ರಿಯ ನೆನಪು ಯಾವ ಸಹಾಯವನ್ನೂ ಮಾಡುವುದಿಲ್ಲ. ಓದು ಮುಗಿಸಿ ಖಾಸಗಿ ಆಸ್ಪತ್ರೆಗೆ ಸೇರಿದಾಗ ಮೊದಲ ಸಂಬಳ ಹಿಂದಿನ ಸಂಬಳಕ್ಕಿಂತ ಕಡಿಮೆ ಇರಲೂಬಹುದು. ಇದನ್ನೆಲ್ಲ ಮೊದಲೇ ತಿಳಿದು ಬಂದವರು ಉಳಿಯುತ್ತಾರೆ. ಬರೀ ವಿದೇಶದ ಆಸೆಗೆ ಬಂದವರು ಮೊದಲ ವರ್ಷದಲ್ಲೇ ಸೋಲುವುದನ್ನು ನೋಡಿದ್ದೇನೆ.

ಬರುವುದೆಂದು ಗಟ್ಟಿ ಮಾಡಿದ್ದರೆ ಕೆಲವು ವಿಷಯ ವಿಚಾರಿಸಿಕೊಳ್ಳಿ. ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಈ ವರ್ಷಕ್ಕೆ ಇದೆಯೆ? ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಎಷ್ಟು ಹಾಸಿಗೆ, ಹಾಸಿಗೆಯಲ್ಲಿ ರೋಗಿಗಳಿದ್ದಾರೆಯೆ? ಹಾಸ್ಟೆಲ್, ಯೂನಿಫಾರಂ, ಪರೀಕ್ಷೆ ಎಲ್ಲ ಸೇರಿಸಿ ಖರ್ಚು ಎಷ್ಟು? ನಡುವೆ ಬಿಡಬೇಕಾಗಿ ಬಂದರೆ ಮೂಲ ಅಂಕಪಟ್ಟಿ ವಾಪಸು ಕೊಡುತ್ತಾರೆಯೆ? ಉತ್ತರಗಳನ್ನು ಬಾಯಿಮಾತಿನಲ್ಲಿ ನಂಬಬೇಡಿ, ಕಾಗದದಲ್ಲಿ ಪಡೆಯಿರಿ. ಕಮಿಷನ್ ಏಜೆಂಟರ ಕೈಗೆ ದುಡ್ಡು ಕೊಡಬೇಡಿ. ಇನ್ನೊಂದು ವಿಷಯ: 1947ರ ಹಳೆಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಆಯೋಗದ ಹೊಸ ಕಾಯ್ದೆ ಬಂದಿದೆ. ನಿಯಮಗಳು ಬದಲಾಗಬಹುದು. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳಿ.

ಆ ನನ್ನ ವಿದ್ಯಾರ್ಥಿನಿ ಈಗ ಒಂದು ವಾರ್ಡಿನ ಇನ್‌ಚಾರ್ಜ್. ಔಷಧದ ಸ್ಟಾಕ್ ಪುಸ್ತಕ ಅವಳಲ್ಲಿ ಒಂದು ಮಾತ್ರೆಯಷ್ಟೂ ಹೆಚ್ಚುಕಡಿಮೆ ಆಗುವುದಿಲ್ಲ. ಹೋದ ವರ್ಷ ಆ ದೊಡ್ಡಪ್ಪನಿಗೇ ಆಪರೇಷನ್ ಆಯಿತು. ಬಿ.ಕಾಂ. ಬಗ್ಗೆ ಅವರು ಮತ್ತೆ ಮಾತೆತ್ತಿಲ್ಲವಂತೆ.

ಕೊನೆಯದಾಗಿ ಒಂದು ಮಾತು. ನಿಮಗೂ ಈ ಯೋಚನೆ ಇದ್ದರೆ, ಅರ್ಜಿ ತುಂಬುವ ಮೊದಲು ಒಂದು ಕೆಲಸ ಮಾಡಿ. ಬಂಧುಗಳು ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಅವರ ಜೊತೆಗೆ ಒಂದು ರಾತ್ರಿ ಇದ್ದು ಬನ್ನಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಪಕ್ಕದ ಮಂಚದ ಅಪರಿಚಿತರೊಬ್ಬರು ನೀರು ಕೇಳುತ್ತಾರೆ. ಕೊಡಬಹುದೋ ಬೇಡವೋ ಎಂದು ಸಿಸ್ಟರನ್ನು ಕೇಳಲು ನೀವು ತಟ್ಟನೆ ಎದ್ದಿರಾದರೆ, ಅರ್ಜಿ ಹಾಕಿ.