ಪಾತ್ರದ ಗುಣಸ್ವಭಾವ: ಅಮೆರಿಕದ ಎರಡು ಸಣ್ಣಕಥೆಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಗೋಷ್ಠಿಯಲ್ಲಿ ಮಾತಾಡಬೇಕು ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, "ಸರ್, ನಾನು ಬಿ.ಇ. ಓದಿದವನು, ಕಂಪ್ಯೂಟರ್ ಬಗ್ಗೆ ಹೇಳ್ತೀನಿ" ಎಂದೆ. "ಅದಕ್ಕೆ ನಿಮ್ಮ ಬ್ಯಾಚಿನಲ್ಲೇ ಬೇಕಾದಷ್ಟು ಜನ ಇದ್ದಾರಪ್ಪ, ನೀನು ಓದೋ ಕಥೆಗಳ ಬಗ್ಗೆ ಹೇಳು" ಎಂದರು. ಹಾಗಾಗಿ ಅಮೆರಿಕದ ಎರಡು ಕಥೆಗಳನ್ನು ಹಿಡಿದುಕೊಂಡು ಬಂದಿದ್ದೇನೆ.

ಹತ್ತನೇ ತರಗತಿಯ ಮಕ್ಕಳಿಗೆ ಈ ಪ್ರಶ್ನೆ ಬಾಯಿಪಾಠವಾಗಿರುತ್ತದೆ: "ಈ ಪಾತ್ರದ ಗುಣಸ್ವಭಾವವನ್ನು ವಿವರಿಸಿ." ನಾವು ತ್ಯಾಗಮಯಿ, ಸಹನಾಮೂರ್ತಿ, ಸ್ವಾರ್ಥಿ, ಅಹಂಕಾರಿ ಎಂದು ಬರೆಯುತ್ತಿದ್ದೆವು. ಅಂಕವೂ ಬರುತ್ತಿತ್ತು. ಪರೀಕ್ಷೆಗೆ ಅದು ಸರಿ. ಆದರೆ ಅಮೆರಿಕದ ಆಧುನಿಕ ಕಥೆಗಳಿಗೆ ಆ ವಿಶೇಷಣಗಳನ್ನು ಹಚ್ಚಲು ಹೋದರೆ ಅಂಟುವುದಿಲ್ಲ. ಅಲ್ಲಿ ಎಷ್ಟೋ ಸಲ ಕಥೆ ಹೇಳುವುದು ಕಥೆಯೊಳಗಿನ ಒಬ್ಬ ಮನುಷ್ಯ. ಅವನು ಹೇಳಿದ್ದೆಲ್ಲ ಅವನ ಕಣ್ಣಿಗೆ ಕಂಡದ್ದು ಮಾತ್ರ.

ಮೊದಲು ರೇಮಂಡ್ ಕಾರ್ವರ್. 1938ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡವನು. ತಂದೆ ಮರ ಕೊಯ್ಯುವ ಮಿಲ್ಲಿನ ಕೆಲಸಗಾರ. ಕಾರ್ವರ್‌ನ 'ಕೆಥೀಡ್ರಲ್' ಕಥೆಯಲ್ಲಿ ಹೆಸರಿಲ್ಲದ ಒಬ್ಬ ಗಂಡ ಕಥೆ ಹೇಳುತ್ತಾನೆ. ಅವನ ಹೆಂಡತಿಯ ಹಳೆಯ ಸ್ನೇಹಿತ ರಾಬರ್ಟ್ ಮನೆಗೆ ಬರುತ್ತಿದ್ದಾನೆ. ರಾಬರ್ಟನಿಗೆ ಕಣ್ಣು ಕಾಣುವುದಿಲ್ಲ, ಹೆಂಡತಿ ಈಚೆಗಷ್ಟೇ ತೀರಿಕೊಂಡಿದ್ದಾಳೆ. ಗಂಡನಿಗೋ ಈ ಅತಿಥಿ ಬರುವುದೇ ಇಷ್ಟವಿಲ್ಲ. ಕುರುಡರ ಬಗ್ಗೆ ಅವನಿಗೆ ತಿಳಿದಿರುವುದೆಲ್ಲ ಸಿನಿಮಾದಿಂದ ಬಂದದ್ದು. ಕೊಂಕು ಮಾತು, ಕುಡಿತ, ಹೊಟ್ಟೆಕಿಚ್ಚು. ಅರ್ಧ ಕಥೆಗೇ ಉತ್ತರ ಬರೆಯಿರಿ ಎಂದರೆ ನಾವು ಖಂಡಿತ "ಸಣ್ಣ ಮನಸ್ಸಿನವನು" ಎಂದು ಬರೆಯುತ್ತೇವೆ.

ರಾತ್ರಿ ಹೆಂಡತಿ ಸೋಫಾದಲ್ಲೇ ನಿದ್ದೆ ಹೋಗಿದ್ದಾಳೆ. ಟಿವಿಯಲ್ಲಿ ದೊಡ್ಡ ದೊಡ್ಡ ಇಗರ್ಜಿಗಳ ಕಾರ್ಯಕ್ರಮ. ಅವು ಹೇಗಿರುತ್ತವೆ ಎಂದು ಅತಿಥಿಗೆ ಹೇಳಲು ಹೋಗಿ ಇವನು ಸೋಲುತ್ತಾನೆ. ಆಗ ರಾಬರ್ಟ್ ಕಾಗದ, ಪೆನ್ನು ತರಿಸುತ್ತಾನೆ. ಅಂಗಡಿಯ ಕಾಗದದ ಚೀಲವೊಂದನ್ನು ಹರಡಿಕೊಂಡು ಇವನು ಚಿತ್ರ ಬರೆಯುತ್ತಾನೆ, ಆ ಕೈಯ ಮೇಲೆ ರಾಬರ್ಟನ ಕೈ. ಕಣ್ಣು ಮುಚ್ಚಿಕೊಂಡು ಬರೆ ಎನ್ನುತ್ತಾನೆ ರಾಬರ್ಟ್. ಇವನು ಮುಚ್ಚುತ್ತಾನೆ. ಸಾಕು, ಈಗ ನೋಡು ಎಂದಮೇಲೂ ಕಣ್ಣು ತೆರೆಯುವುದಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ. ಅವನು ಬದಲಾದ ಎಂದು ಕಾರ್ವರ್ ಎಲ್ಲೂ ಹೇಳಿಲ್ಲ. ಮುಚ್ಚಿದ ಕಣ್ಣನ್ನಷ್ಟೇ ತೋರಿಸುತ್ತಾನೆ.

ನನ್ನ ಕೆಲಸದಿಂದ ಒಂದು ಉದಾಹರಣೆ ಕೊಡುತ್ತೇನೆ. ಪ್ರೋಗ್ರಾಂ ಬರೆಯುವಾಗ ಮಧ್ಯೆ ಮಧ್ಯೆ 'ಕಾಮೆಂಟ್' ಎಂದು ಬರೆಯುತ್ತೇವೆ. ಇಲ್ಲಿ ಏನು ನಡೆಯುತ್ತದೆ ಎಂಬ ವಿವರಣೆ ಅದು. ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಮೆಂಟ್ ಒಂದು ಹೇಳುತ್ತಿರುತ್ತದೆ, ಕೋಡ್ ಇನ್ನೊಂದು ಮಾಡುತ್ತಿರುತ್ತದೆ. ಕಥೆ ಹೇಳುವವನ ಮಾತನ್ನು ಕಾಮೆಂಟ್ ಎಂದುಕೊಳ್ಳಿ, ಪಾತ್ರಗಳು ಮಾಡುವ ಕೆಲಸವನ್ನು ಕೋಡ್ ಎಂದುಕೊಳ್ಳಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಹೀಗೆ ಓದಿದಾಗ ನನ್ನನ್ನು ಹೆಚ್ಚು ಕಾಡಿದ್ದು ಆಲಿಸ್ ವಾಕರ್ ಅವರ 'ಎವರಿಡೇ ಯೂಸ್', ಅಂದರೆ ದಿನಬಳಕೆ. 1973ರ ಕಥೆ. ವಾಕರ್ ಹುಟ್ಟಿದ್ದು ಜಾರ್ಜಿಯಾದಲ್ಲಿ, ಪಾಲಿಗೆ ಹೊಲ ಮಾಡುತ್ತಿದ್ದ ಕಪ್ಪು ಜನರ ಮನೆಯಲ್ಲಿ. ಕಥೆ ಹೇಳುವವಳು ಒಬ್ಬ ತಾಯಿ. ಗಟ್ಟಿ ಆಳು, ಹಂದಿ ಕೊಯ್ದು ಹಸನು ಮಾಡಬಲ್ಲವಳು. ಎರಡನೇ ತರಗತಿ ಆದಮೇಲೆ, 1927ರಲ್ಲಿ, ಅವಳ ಶಾಲೆಯೇ ಮುಚ್ಚಿಹೋಯಿತು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಡೀ. ತಾಯಿ ಮತ್ತು ಚರ್ಚಿನವರು ದುಡ್ಡು ಕೂಡಿಸಿ ಅವಳನ್ನು ಊರಾಚೆ ಓದಲು ಕಳಿಸಿದ್ದರು. ಚಿಕ್ಕವಳು ಮ್ಯಾಗಿ. ಮನೆಗೆ ಬೆಂಕಿ ಬಿದ್ದಾಗ ಸುಟ್ಟ ಗಾಯದ ಕಲೆಗಳನ್ನು ಹೊತ್ತುಕೊಂಡು, ತಲೆ ತಗ್ಗಿಸಿ ನಡೆಯುವ ಹುಡುಗಿ.

ಡೀ ಊರಿಗೆ ಬರುತ್ತಾಳೆ. ಕಾರಿನಿಂದ ಇಳಿದವಳೇ ಫೋಟೋ ತೆಗೆಯುತ್ತಾಳೆ, ಪ್ರತಿ ಫೋಟೋದಲ್ಲೂ ಮನೆ ಕಾಣಲೇಬೇಕು. ತನ್ನ ಹೆಸರು ಈಗ ವಾಂಗೆರೋ ಎನ್ನುತ್ತಾಳೆ. ಊಟವಾದ ಮೇಲೆ ಬೆಣ್ಣೆ ಕಡೆಯುವ ಪಾತ್ರೆಯ ಮುಚ್ಚಳ ಬೇಕು, ಮೇಜಿನ ಮೇಲೆ ಅಲಂಕಾರಕ್ಕೆ ಇಡುತ್ತೇನೆ ಎನ್ನುತ್ತಾಳೆ. ಕೊನೆಗೆ ಕೈಯಲ್ಲಿ ಹೊಲಿದ ಎರಡು ಹಳೆಯ ಕ್ವಿಲ್ಟ್ ಕೇಳುತ್ತಾಳೆ. ಹಳೆಯ ಸೀರೆ, ಪಂಚೆಯ ತುಂಡು ಸೇರಿಸಿ ಹೊಲಿದ ಕೌದಿ ಹೊದ್ದವರಿಗೆ ಕ್ವಿಲ್ಟ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಅಜ್ಜಿಯ ಉಡುಪಿನ ಚೂರುಗಳು ಅದರಲ್ಲಿವೆ, ಅಂತರ್ಯುದ್ಧದಲ್ಲಿ ಮುತ್ತಜ್ಜ ತೊಟ್ಟ ಸಮವಸ್ತ್ರದ ಒಂದು ತುಣುಕೂ ಇದೆ. ಆದರೆ ಅವನ್ನು ಮ್ಯಾಗಿಯ ಮದುವೆಗೆ ಕೊಡುವುದಾಗಿ ತಾಯಿ ಮಾತು ಕೊಟ್ಟಿದ್ದಾಳೆ. ಮ್ಯಾಗಿ ಅವನ್ನು ದಿನಾ ಬಳಸಿ ಹಾಳುಮಾಡುತ್ತಾಳೆ ಎಂದು ಡೀ ರೇಗುತ್ತಾಳೆ. ಅವಳಿಗೆ ಬೇಕಾಗಿರುವುದು ತೂಗುಹಾಕಲು.

ಇಷ್ಟು ಕೇಳಿದರೆ ಡೀ ಜಂಬಗಾತಿ ಎಂದು ನೀವು ಬರೆದುಬಿಡುತ್ತೀರಿ. ಸ್ವಲ್ಪ ತಡೆಯಿರಿ. ಡೀ ಬಗ್ಗೆ ನಾವು ಕೇಳಿದ್ದೆಲ್ಲ ತಾಯಿಯ ಬಾಯಿಂದ. ಅಲ್ಲಿನ ಕಪ್ಪು ಜನರ ಎಷ್ಟೋ ಹೆಸರುಗಳು ಗುಲಾಮಗಿರಿಯ ಕಾಲದಲ್ಲಿ ಒಡೆಯರಿಂದ ಬಂದವು. ಕ್ಯಾಸಿಯಸ್ ಕ್ಲೇ 1964ರಲ್ಲಿ ಮುಹಮ್ಮದ್ ಅಲಿ ಆದದ್ದು ಶೋಕಿಗಲ್ಲ. ಡೀ ಕೂಡ ಆ ಕಾಲದ ಹುಡುಗಿ. ಹಳೆಯ ಬಟ್ಟೆ ಬಳಸಿದರೆ ಹರಿಯುತ್ತದೆ ಎಂಬುದೂ ಸುಳ್ಳಲ್ಲ. ಹೊರಡುವಾಗ ಅವಳು ತಂಗಿಗೆ ಹೇಳುವುದು, ನೀನೂ ಏನಾದರೂ ಆಗು, ಕಾಲ ಬದಲಾಗಿದೆ ಎಂದು. ಈ ಶಾಲೆ ಐವತ್ತು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದಿರುವುದೂ ಹೆಚ್ಚುಕಡಿಮೆ ಅದನ್ನೇ. ಇವತ್ತು ಕಾರಿನಲ್ಲಿ ಬಂದಿಳಿದು, ಹಳೆಯ ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಂಡ ನಾವೆಲ್ಲ ಡೀಯನ್ನು ನೋಡಿ ನಗುವ ಹಾಗಿಲ್ಲ.

ಆದರೂ ಕೋಡ್ ನೋಡಬೇಕಲ್ಲ. ಕಾಲೇಜಿಗೆ ಹೋಗುವಾಗ ಇಂಥದ್ದೇ ಒಂದು ಕ್ವಿಲ್ಟ್ ಕೊಟ್ಟರೆ ಡೀ ಹಳೆಯ ಕಾಲದ್ದೆಂದು ಬೇಡ ಎಂದಿದ್ದಳು. ಈಗ ಬಿಟ್ಟ ಹೆಸರು ಅಜ್ಜಿಯದು, ಕೇಳಿದ್ದು ಅಜ್ಜಿಯ ಬಟ್ಟೆ. ಮ್ಯಾಗಿಯನ್ನು ನೋಡಿ. ಕಥೆಯಲ್ಲಿ ಅವಳ ಮಾತು ಬೆರಳೆಣಿಕೆಯಷ್ಟು. ಬೆಣ್ಣೆ ಕಡೆಯುವ ಕೋಲನ್ನು ಕೆತ್ತಿದವರು ಯಾರು ಎಂದು ಹೇಳುವವಳು ಅವಳು. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು, ಬಾಗಿಲು ಬಡಿದ ಸದ್ದು: ಅವಳ ಸಿಟ್ಟು ಅಷ್ಟೇ. ಆಮೇಲೆ ಬಂದು, ಅಕ್ಕನೇ ಇಟ್ಟುಕೊಳ್ಳಲಿ, ಅಜ್ಜಿಯನ್ನು ನೆನೆಯಲು ನನಗೆ ಕ್ವಿಲ್ಟ್ ಬೇಕಿಲ್ಲ ಎನ್ನುತ್ತಾಳೆ. ಹೊಲಿಯಲು ಕಲಿತವಳೂ ಅವಳೇ. ಹರಿದರೆ ಇನ್ನೊಂದು ಮಾಡಬಲ್ಲಳು. ತಾಯಿ ಡೀಯ ಕೈಯಿಂದ ಕ್ವಿಲ್ಟ್ ಕಿತ್ತು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ. ತಾಯಿ ಮಾಡಿದ್ದೇ ಸರಿ ಎಂದು ನನಗನ್ನಿಸುತ್ತದೆ. ಆದರೆ ಅದೇ ಕಥೆಯನ್ನು ಡೀ ಹೇಳಿದ್ದರೆ ಹೇಗಿರುತ್ತಿತ್ತು? ಒಂದು ಪುಟದಷ್ಟು ಬರೆದು ನೋಡಿ ಎಂದು ಒಂಬತ್ತು, ಹತ್ತನೇ ತರಗತಿಯವರನ್ನು ಕೇಳುತ್ತೇನೆ.

ಎರಡೂ ಕಥೆಗಳಿರುವ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಇಂಗ್ಲಿಷ್ ಕಷ್ಟ ಎನ್ನುವವರು ಕಾರ್ವರ್‌ನಿಂದ ಶುರುಮಾಡಿ, ಅವನ ವಾಕ್ಯಗಳು ಚಿಕ್ಕವು. ಬೀರುವಿಗೆ ಬೀಗ ಹಾಕಬೇಡಿ ಎಂದು ಗುರುಗಳಲ್ಲಿ ವಿನಂತಿ.